ಅಮೋಘಸಿದ್ಧಪ್ಪನ ರಕ್ಷಣೆ

ಪಾಸ್ಟರ್ ಧರ್ಮರಾಜ ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದವನೇ ಕಟ್ಟೆಯ ಮೇಲೆ ಕೂತ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರಿಗಿಂತ ಹಿರಿಯನಾಗಿ ಕಂಡ ಯಂಕಪ್ಪನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಮೋಘಸಿದ್ಧಪ್ಪಣ್ಣಾರ, ಧೈರ್ಯ ತಗೋರಿ. ನಿಮ್ಮನ್ನ ಭೆಟ್ಟಿ ಆಗ್ಬೇಕಂತ ಭಾಳ ದಿವಸದಿಂದ ಇತ್ತು. ಇಂಥಾ ಹೊತ್ತಿನ್ಯಾಗ ಆಗೂದು ಬಂತು."

ಯಂಕಪ್ಪ ಕೈ ಬಿಡಿಸಿಕೊಂಡ. "ನಾ ಸತ್ತಾಕಿ ತಮ್ಮ ರೀ. ಯಂಕಪ್ಪ, ದೇವಣಗಾಂವದಾಂವ."

"ಹಂಗಾರ ಯಜಮಾನ್ರು ಇನ್ನೂ ಬಂದಿಲ್ಲೇನ್ರಿ? ಹೇಣ್ತಿ ಮಣ್ಣಿಗೂ ಬರೂದಿಲ್ಲೇನು ಆ ಮನಶ್ಯಾ?"

"ಯಾವ ಬಸ್ಸಿಗೆ ಬರ್ಬೇಕು ಅಂವ, ನೀವ ಹೇಳ್ರಿ. ಸತ್ತು ಎಷ್ಟೋ ವರ್ಷ ಆಗಿ ಹೋತು."

ಒಳಗೆ ತಾಯಿಯ ತಲೆಯ ಹತ್ತಿರ ಕೂತಿದ್ದ ಸೌಂದರ್ಯಾ ಈ ಮಾತು ಕೇಳಿ ಬಾಗಿಲಿಗೆ ಬಂದಳು. ವಿಜಯಪುರದ ಆಸ್ಪತ್ರೆಯಿಂದ ನಸುಕಿನಲ್ಲಿ ಶಂಕ್ರೆವ್ವನ ದೇಹವನ್ನು ಇಂಡಿಗೆ ತಂದವಳು ಅವಳೇ. ಒಬ್ಬಳೇ ಮಗಳು. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಪ್ಪ ತೀರಿಕೊಂಡಾಗ ಅವಳಿನ್ನೂ ಹೈಸ್ಕೂಲಿನಲ್ಲಿದ್ದಳು.

ಧರ್ಮರಾಜ ಅಂಗಳದ ನಡುವೆ ನಿಂತುಬಿಟ್ಟಿದ್ದ. "ಅಲ್ರಿ, ಮೊನ್ನೆ ಐತ್ವಾರನೂ ಸಭೆಯೊಳಗ ಅವರ ಹೆಸರು ಹಿಡಿದು ಪ್ರಾರ್ಥನಾ ಮಾಡೀವಿ. ಅಕ್ಕ ವಾರಾವಾರಾ ಎದ್ದು ನಿಂತು ಹೇಳಾಕಿ, ಅಮೋಘಸಿದ್ಧಪ್ಪನ ರಕ್ಷಣೆ ಆಗ್ಲಿ, ಅಂವ ಪಾಪದಿಂದ ಪಾರಾಗ್ಲಿ ಅಂತ. ಎಲ್ಲಾರೂ ಕೂಡಿ ಉಪವಾಸನೂ ಮಾಡೀವ್ರಿ. ಕುಡಿಯಾವ ಇರ್ಬೇಕು, ಎಲ್ಲ್ಯೋ ದುಡಿಯಾಕ ಹೋಗಿ ಅಲ್ಲೇ ಉಳದಿರ್ಬೇಕು ಅಂತ ನಾವು..."

"ಕುಡಿಯಾವ?" ಕಟ್ಟೆಯ ಮೇಲಿಂದ ಯಾರೋ ನಕ್ಕರು, ಹೆಣದ ಮನೆ ಎಂದು ನೆನಪಾಗಿ ಸುಮ್ಮನಾದರು. "ಅಂವ ಚಾ ಸೈತ ಕುಡೀತಿರಲಿಲ್ಲೋ ಮಾರಾಯ."

ಸೌಂದರ್ಯಾಳಿಗೆ ಏನೂ ತಿಳಿಯಲಿಲ್ಲ. ತಾಯಿ ಧರ್ಮರಾಜನ ತಗಡಿನ ಶೆಡ್ಡಿನ ಸಭೆಗೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಅಲ್ಲಿ ಕೊನೆಗೆ ಒಬ್ಬೊಬ್ಬರೇ ಎದ್ದು ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುತ್ತಾರೆಂಬುದೂ ಗೊತ್ತಿತ್ತು. ಮಗಳ ಪರೀಕ್ಷೆ, ಅಣ್ಣನ ಸಕ್ಕರೆ ಕಾಯಿಲೆ, ಗಂಡನ ಕುಡಿತ. ಆದರೆ ಅಪ್ಪನ ಹೆಸರು?

"ನನಗ ಗೊತ್ತಿತ್ತು ಬೇಟಿ," ಎಂದಳು ಅವಳ ಹಿಂದೆ ನಿಂತಿದ್ದ ಶಮಶಾದಬಿ. ಲಿಂಬೆಕಾಯಿ ಅಡತಿ ಅಂಗಡಿಯಲ್ಲಿ ಶಂಕ್ರೆವ್ವನ ಪಕ್ಕದಲ್ಲೇ ಕೂತು ಕಾಯಿ ಆರಿಸುತ್ತ ಮುದುಕಿಯಾದವಳು. "ನಾ ಅಂದೆ, ಯಾ ಅಲ್ಲಾ, ಸತ್ತಾಂವನ ಹೆಸರ ಹಿಂಗ ಹೇಳಬಾರದವಾ, ಸುಳ್ಳ ಆಗತೈತಿ ಅಂತ. 'ಜೀವಂತ ಅದಾನಂತ ನಾ ಯಾವಾಗ ಹೇಳೇನಿ? ಅವರು ಕೇಳಿಲ್ಲ, ನಾ ಹೇಳಿಲ್ಲ' ಅಂದ್ಲು. ನಿಮ್ಮವ್ವನ ಬಾಯಿಗೆ ಯಾರ ಎದರ?"

*

ಹೋದ ವರ್ಷ ದೀಪಾವಳಿ ರಜೆಯಲ್ಲಿ ಸೌಂದರ್ಯಾ ಬಂದಾಗ ಶಂಕ್ರೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ಸಭೆದವರು ಹೇಳೂದು ಭಾಳ ಸಸಾರ ಐತಿ," ಎಂದಿದ್ದಳು, ಮರ ಕೇರುವುದನ್ನು ನಿಲ್ಲಿಸದೆ. "ಹರಕಿ ಬ್ಯಾಡ, ದೀಡ ನಮಸ್ಕಾರ ಬ್ಯಾಡ. ನಾವು ಏನ ಮಾಡಿದ್ರೂ ಮ್ಯಾಲ ಹೋಗಾಕ ಸಾಲೂದಿಲ್ಲಂತ. ಯೇಸಪ್ಪ ನಮ್ಮ ಸಲುವಾಗಿ ಸತ್ತಾನ, ಎದ್ದಾನ. ನಂಬಿದ್ರ ಮುಗೀತು."

"ನೀ ನಂಬ್ತಿಯೇನವ್ವಾ?"

"ನಿಮ್ಮಪ್ಪ ನಂಬಲಿಲ್ಲ," ಎಂದಳು ಶಂಕ್ರೆವ್ವ. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. "ಹೆಂಗ ನಂಬ್ತಾನ? ಅಂವಗ ಯಾರೂ ಬಂದು ಹೇಳೇ ಇಲ್ಲ. ಕುರಿ ಹಿಂದ ತಿರುಗಿ ತಿರುಗಿ ಸತ್ತ. ಹೇಳದ ತಪ್ಪ ಯಾರ್ದು, ನೀ ಸಾಲಿ ಕಲ್ತಾಕಿ, ಹೇಳ."

ಒಂದೊಂದು ಮಾತನ್ನೂ ಅಳೆದು ಆಡುವ ಸೌಂದರ್ಯಾ, ಅಂಥವು ಅವರವರ ನಂಬಿಕೆಗೆ ಬಿಟ್ಟದ್ದು ಎಂದೇನೋ ಅಂದಿದ್ದಳು. ಶಂಕ್ರೆವ್ವ ಮರದಲ್ಲಿದ್ದ ಹೊಟ್ಟನ್ನು ಉಫ್ ಎಂದು ಊದಿ, "ಇದರಕಿಂತ ಶಮಶಾದಿ ಚಲೋ ಮಾತಾಡ್ತಾಳ," ಎಂದಿದ್ದಳು.

*

"ಸೌಂದ್ರಾ, ಇಲ್ಲಿ ಬಾರವಾ." ಯಂಕಪ್ಪ ಅವಳನ್ನು ಗೋಡೆಯ ಬದಿಗೆ ಕರೆದ. ಅವನ ಕೈಯಲ್ಲಿ ದೇವರ ಅರಿಶಿನಪುಡಿ, ಭಂಡಾರದ ಚೀಲವಿತ್ತು. "ಟ್ಯಾಕ್ಟರ್ ಬಂದು ನಿಂತೈತಿ. ನಿಮ್ಮಪ್ಪನ ಮಗ್ಗಲಕ್ಕs ಕುಣಿ ತೋಡಾಕ ಹಚ್ಚೇನಿ. ಈಗ ಭಂಡಾರ ಹಚ್ಚಲ್ಯೋ, ಬ್ಯಾಡೋ? ಗುಡೀಗೆ ಬರೂದು ಬಿಟ್ಟಿದ್ಲು. ಹಚ್ಚಿದ್ರ ಎದ್ದು ಕುಂತು ಬೈದಾಳು. ಹಚ್ಚದs ಕಳಿಸಿದ್ರ ನಮ್ಮ ಮಂದಿ ನನ್ನ ಬೈತಾರ."

"ಹಚ್ಚು ಮಾವ," ಎಂದಳು. ತಕ್ಷಣ, "ತಡಿ," ಎಂದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಗೊತ್ತಿದ್ದವರು ಯಾರಾದರೂ, ಅವ್ವ ಈಗ ಎಲ್ಲಿದ್ದಾಳೆಂದು ಹೇಳಬೇಕು. ಅದು ತಿಳಿಯದೆ ಮಣ್ಣು ಹಾಕಲು ಅವಳಿಗೆ ಮನಸ್ಸಿರಲಿಲ್ಲ. ಧರ್ಮರಾಜ ಬೇವಿನ ಗಿಡದ ಕೆಳಗೆ ತನ್ನ ಮೋಟರ್‌ಸೈಕಲ್ಲಿಗೆ ಒರಗಿ ನಿಂತಿದ್ದ. ಬಸವನ ಬಾಗೇವಾಡಿ ಕಡೆಯವನು. ಈ ಊರಿಗೆ ಬಂದು ಬಹಳ ಕಾಲವಾಗಿರಲಿಲ್ಲ.

"ನಮ್ಮವ್ವನ ಸಲುವಾಗಿ ಪ್ರಾರ್ಥನಾ ಮಾಡ್ರಿ ಪಾಸ್ಟರ್."

ಅವನು ತಲೆ ಎತ್ತಲಿಲ್ಲ. "ನಿಮ್ಮ ಸಲುವಾಗಿ ಮಾಡ್ತೇನ್ರಿ. ಸತ್ತವರ ಸಲುವಾಗಿ ನಾವು ಮಾಡೂದಿಲ್ಲ. ಉಸಿರು ಹೋತಂದ್ರ ಬಾಗಲಾ ಮುಚ್ಚಿದಂಗ. ಹೊರಗ ನಿಂತು ನಾವು ಎಷ್ಟ ಬಡದ್ರೂ ತೆರ್‍ಯೂದಿಲ್ಲ. ಇದು ನಾ ಮಾಡಿದ ಕಾನೂನಲ್ಲ, ಬೈಬಲ್ ವಾಕ್ಯದಾಗ ಇದ್ದದ್ದು."

"ಮತ್ತ ಅಪ್ಪನ ಸಲುವಾಗಿ ಇಷ್ಟ ದಿವಸ ಮಾಡಿದ್ರಿ?"

"ಅದs ನನ್ನ ಕೊರೀಲಿಕ್ಕತ್ತೈತ್ರಿ." ಅವನ ದನಿ ಒಡೆಯಿತು. "ನಾ ಎದಿ ಬಡಕೊಂಡು ಅತ್ತೇನಿ ಆ ಮನಶ್ಯಾನ ಸಲುವಾಗಿ. ಇವತ್ತ ನೋಡಿದ್ರ..." ಕಣ್ಣೊರೆಸಿಕೊಂಡು ಮುಂದುವರಿದ. "ಅಕ್ಕ ದೀಕ್ಷಾಸ್ನಾನ ತಗೊಂಡಿಲ್ಲ. ಭೀಮಾ ಹೊಳೀತನಕ ಬಂದು, ಮೊಣಕಾಲ ನೀರಾಗ ನಿಂತು ತಿರುಗಿ ಹೋದ್ರು. ಇರ್‍ಲಿ. ನೀರು ಉಳಸೂದಿಲ್ಲ, ನಂಬಿಕೆ ಉಳಸತೈತಿ. ಕಡೀಕ ನೀವ ಹತ್ತಿರ ಇದ್ರಿ. ಯೇಸು ನನ್ನ ಕರ್ತ ಅಂತ ಬಾಯಿಬಿಟ್ಟು ಅಂದ್ರೇನ್ರಿ? ಒಂದ ಮಾತ ಸಾಕು ನನಗ. ನಮ್ಮ ಸಹೋದರಿ ಕರ್ತನ ಹತ್ತಿರ ಹೋಗ್ಯಾಳ ಅಂತ ಕುಣಿ ಮುಂದ ನಿಂತು ಗಟ್ಟಿ ಹೇಳ್ತೇನಿ."

ಹೂಂ ಎಂದರೆ ಆಗುತ್ತಿತ್ತು. ಹೂಂ ಎಂದರೆ ಅವ್ವ ಸ್ವರ್ಗದಲ್ಲಿ, ಇವನಿಗೆ ಸಮಾಧಾನ, ಮಾವನಿಗೆ ತಡವಾಗುವುದಿಲ್ಲ. ಆದರೆ ಬಾಗಿಲು ಹಾಗೆ ತೆರೆಯುವುದು ನಿಜವೆಂದು ಒಪ್ಪಿದರೆ, ಅಪ್ಪನ ಮುಂದೆ ಅದು ಮುಚ್ಚಿರುವುದೂ ನಿಜವೇ. ಹೊಳೆಯ ನೀರಿನಲ್ಲಿ ಅವ್ವ ಯಾಕೆ ನಿಂತುಬಿಟ್ಟಳೆಂದು ಸೌಂದರ್ಯಾಳಿಗೆ ಈಗ ಅರ್ಥವಾದಂತೆ ಅನಿಸಿತು. ಹಾಗಾದರೆ ಮತ್ತೆ ವಾರಾವಾರಾ ಯಾಕೆ ಹೋಗುತ್ತಿದ್ದಳು? ಅದು ಅರ್ಥವಾಗಲಿಲ್ಲ.

"ಆಕಿ ಅಂದದ್ದು ಅಂದಂಗs ಹೇಳ್ತೇನ್ರಿ," ಎಂದಳು. "ನೀವs ನೋಡ್ರಿ."

*

ವಿಜಯಪುರದ ಆಸ್ಪತ್ರೆಯಲ್ಲಿ, ಮೂಗಿಗೆ ಹಾಕಿದ್ದ ನಳಿಕೆಯನ್ನು ಶಂಕ್ರೆವ್ವ ಪದೇಪದೇ ಕಿತ್ತು ಹಾಕುತ್ತಿದ್ದಳು. ಸೌಂದರ್ಯಾ ಮತ್ತೆ ಸರಿಪಡಿಸುತ್ತಿದ್ದಳು.

"ಹೋದ ಮ್ಯಾಲ ನಾನs ಕೇಳ್ತೇನಿ," ಎಂದಳು ಶಂಕ್ರೆವ್ವ.

"ಯಾರಿಗವ್ವಾ?"

"ಯೇಸಪ್ಪಗ. ನಿಮ್ಮಪ್ಪನ್ನ ಒಳಗ ಬಿಡ್ತೀಯೋ ಇಲ್ಲೋ ಅಂತ. ಇಲ್ಲಂದ್ರ ನಾನೂ ಹೊರಗs ಕುಂಡ್ರತೇನಿ. ಏನ ಮಾಡ್ತಾನ?"

"ಅಂವ ಅದಾನಂತ ನಂಬಿಕಿ ಐತೇನು ನಿನಗ?"

ಮಗಳಿಗೆ ಬುದ್ಧಿ ಸರಿಯಿದೆಯೋ ಇಲ್ಲವೋ ಎಂಬಂತೆ ಶಂಕ್ರೆವ್ವ ನೋಡಿದಳು. "ಇಲ್ಲದಾಂವನ ಕೂಡ ಯಾರರ ಜಗಳಾ ತಗೀತಾರೇನು?"

*

ಧರ್ಮರಾಜ ಮೋಟರ್‌ಸೈಕಲ್ಲಿನ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಕೈಯಿಂದ ಸರಿಸಿದ. "ಇದನ್ನ ನಾ ಏನಂತ ತಿಳಕೋಬೇಕ್ರಿ?" ಎಂದ.

"ನನಗ ಗೊತ್ತಿದ್ರ ನಿಮ್ಮನ್ಯಾಕ ಕೇಳ್ತಿದ್ದೆ?"

ಯಂಕಪ್ಪನಿಗೆ ಕಾಯುವ ತಾಳ್ಮೆ ಮುಗಿದಿತ್ತು. ಯಾರನ್ನೂ ಕೇಳದೆ ಅಕ್ಕನ ಹಣೆಯ ತುಂಬ ಭಂಡಾರ ಹಚ್ಚಿದ. ಟ್ರ್ಯಾಕ್ಟರ್ ಹೊರಟಿತು. ಧರ್ಮರಾಜ ಮನೆಗೆ ಹೋಗಿಬಿಡುತ್ತಾನೆ ಎಂದುಕೊಂಡಿದ್ದಳು ಸೌಂದರ್ಯಾ. ತಿರುಗಿ ನೋಡಿದರೆ ಅವನು ಮೋಟರ್‌ಸೈಕಲ್ ಅಲ್ಲೇ ಬಿಟ್ಟು, ಧೂಳಿನಲ್ಲಿ ಎಲ್ಲರ ಹಿಂದೆ ನಡೆದು ಬರುತ್ತಿದ್ದ.

ದೇಹವನ್ನು ಕುಣಿಗೆ ಇಳಿಸಿದ ಮೇಲೆ ಯಂಕಪ್ಪ ಅವನ ಕಡೆ ನೋಡಿದ. "ನಿಮ್ಮದೇನರ ಅನ್ನೂದಿದ್ರ ಅಂದುಬಿಡ್ರಿ. ಆಕಿ ನಿಮ್ಮ ಕಡೆನೂ ಬರ್ತಿದ್ಲಲ್ಲ."

"ಎಲ್ಲಾರೂ ಕಣ್ಣ ಮುಚ್ಚಿ ತಲಿ ಬಾಗಸ್ರಿ," ಎಂದ ಧರ್ಮರಾಜ.

ಓಣಿಯ ಜನಕ್ಕೆ ಇದು ರೂಢಿಯಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕಣ್ಣು ಮುಚ್ಚಿದರು. ಯಂಕಪ್ಪ ಒಂದೇ ಕಣ್ಣು ತೆರೆದು, "ಎಲ್ಲೀತನಕ್ರಿ?" ಎಂದು ಮೆಲ್ಲಗೆ ಕೇಳಿದ.

"ಆಮೆನ್ ಅನ್ನೂತನಕ."

ಧರ್ಮರಾಜ ಮಗಳ ಸಲುವಾಗಿ ಬೇಡಿಕೊಂಡ. ತಮ್ಮನ ಸಲುವಾಗಿ, ಓಣಿಯವರ ಸಲುವಾಗಿ ಬೇಡಿಕೊಂಡ. ಎಲ್ಲ ಬದುಕಿರುವವರ ಹೆಸರು, ಎಲ್ಲ ಸರಿಯಾಗಿತ್ತು. ಆಮೇಲೆ, "ಕರ್ತನೇ, ಈ ನಿನ್ನ ಮಗಳು ಶಂಕ್ರೆವ್ವ..." ಎಂದ. ಮುಂದಿನ ಮಾತು ಬರಲಿಲ್ಲ.

ಸೌಂದರ್ಯಾ ಕಾದಳು. ಕೊನೆಗೆ ಕಣ್ಣು ತೆರೆದಳು.

ಧರ್ಮರಾಜನ ಕೈಗಳು ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿದ್ದವು. ಬಾಯಿ ಅರ್ಧ ತೆರೆದಿತ್ತು. ಉಳಿದವರೆಲ್ಲ ಬಿಸಿಲಿಗೆ ಮುಖ ಹಿಂಡಿಕೊಂಡು ಕಣ್ಣು ಮುಚ್ಚಿಯೇ ನಿಂತಿದ್ದರು: ಯಂಕಪ್ಪ ತನ್ನ ಹಳದಿ ಕೈಗಳನ್ನು ಜೋಡಿಸಿ, ಶಮಶಾದಬಿ ತಲೆಯ ಮೇಲೆ ಸೆರಗು ಹೊದ್ದು ಎರಡೂ ಅಂಗೈ ಬಿಚ್ಚಿ ಹಿಡಿದು, ಕುಣಿ ತೋಡಿದವನು ಸಲಿಕೆಯನ್ನು ಎದೆಗೆ ಆನಿಸಿಕೊಂಡು. ಮಣ್ಣಿನ ಗುಡ್ಡೆಯಿಂದ ಒಂದು ಹೆಂಟೆ ತಾನಾಗಿ ಜಾರಿ ಕುಣಿಯೊಳಗೆ ಬಿತ್ತು. ಆಮೆನ್ ಇನ್ನೂ ಬಂದಿರಲಿಲ್ಲ; ಯಾರೂ ಕಣ್ಣು ತೆರೆಯಲಿಲ್ಲ.