ಸೆಲ್ಮರನ ಮಣ್ಣಿಗೆ ಬಂದ ಮಸ್ಕಿ

ಸುಳ್ಳು ಹೇಳಿದರೆ ಇನ್ನು ಸಾಯುವತನಕ ನನ್ನ ಗಾಳಕ್ಕೆ ಪಾಚಿಯ ಹೊರತು ಬೇರೇನೂ ಸಿಗದಿರಲಿ. ಇದು ನಡೆದದ್ದೇ, ಚರ್ಚು ತುಂಬ ಜನ ಕಣ್ಣಾರೆ ಕಂಡದ್ದೇ. ವೆರ್ನಾ ಲುಂಡೆ ಗಂಡನ ಶವಪೆಟ್ಟಿಗೆಯ ಹಿಡಿಗಳನ್ನು ಮೂರನೆಯ ಸಲ ಎಣಿಸುತ್ತಿದ್ದಳು. ಎಡಕ್ಕೆ ಮೂರು, ಬಲಕ್ಕೆ ಮೂರು. ಆಮೇಲೆ ಅದನ್ನು ಹೊರಲು ಕಪ್ಪು ಕೋಟು ಹಾಕಿಕೊಂಡು ಬಂದು ಗೋಡೆಗೊರಗಿ ನಿಂತಿದ್ದ ಗಂಡಸರನ್ನು ಎಣಿಸಿದಳು. ಐದು.

"ಗಾರ್ಡಿ ಎಲ್ಲಿ?" ಎಂದಳು.

ಐವರೂ ಬಗ್ಗಿ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ, ಪೇಟೆಯಲ್ಲಿ ಎರೆಹುಳ ಮಾರುವ ಲೈಲ್ ಗಂಟಲು ಸರಿಮಾಡಿಕೊಂಡ.

"ಬರ್ತಾನೆ ಬಿಡಿ. ಬೆಳಿಗ್ಗೆ ಐದಕ್ಕೆ ದೋಣಿ ಇಳಿಸ್ತಿದ್ದ. ಸೂಟು ಹಾಕ್ಕೊಂಡೇ ಹೋಗಿದ್ದಾನೆ, ಮೇಲೊಂದು ರೈನ್‌ಕೋಟು."

"ಸೂಟು ಹಾಕ್ಕೊಂಡು ಮೀನು ಹಿಡಿಯಕ್ಕಾ?"

"ಅರ್ಧ ಗಂಟೆ ಅಂದ."

"ಈಗ ಹತ್ತೂವರೆ ಕಣೋ ಲೈಲ್."

"ಅದು... ಮಸ್ಕಿ ಮೀನು ಹಿಡಿಯೋರ ಅರ್ಧ ಗಂಟೆ."

ಪಾದ್ರಿಯಮ್ಮ ಮಾರಿಟ್ ಬಿಳಿ ನಿಲುವಂಗಿ ಎತ್ತಿಕೊಂಡು ಅವಸರವಾಗಿ ಬಂದಳು. "ನಾನು ಆವತ್ತೇ ಹೇಳ್ದೆ ವೆರ್ನಾ, ಸೋಮವಾರ ಇಟ್ಕೊಳ್ಳೋಣ ಅಂತ. ಇವತ್ತು ಈ ವರ್ಷ ಮಸ್ಕಿ ಹಿಡಿಯಕ್ಕೆ ಬಿಡೋ ಮೊದಲ ಶನಿವಾರ. ಊರಿಗೆ ಊರೇ ಕೆರೆ ಮೇಲಿರತ್ತೆ. ತಪ್ಪಾಯ್ತು ಅಂತ ಈಗ ಅಂದ್ಕೊಂಡ್ರೆ ಏನು ಬಂತು?"

"ತಪ್ಪಲ್ಲ," ಎಂದಳು ವೆರ್ನಾ. "ಗೊತ್ತಿದ್ದೇ ಇಟ್ಟಿದ್ದು."

ಪೆಟ್ಟಿಗೆಯ ಪಕ್ಕದಲ್ಲಿ ಸೆಲ್ಮರನ ಟೋಪಿ, ಅವನ ಗಾಳದ ಕೋಲು, ಕರು ಹಿಡಿಯುವಷ್ಟು ದೊಡ್ಡ ಕೈಬಲೆ, ಎಲ್ಲವನ್ನೂ ಹೂವಿನ ನಡುವೆ ನಿಲ್ಲಿಸಿದ್ದರು. ವೆರ್ನಾ ಟೋಪಿಯನ್ನು ಕೊಂಚ ಸರಿಪಡಿಸಿ ಮುಂದಿನ ಬೆಂಚಿನಲ್ಲಿ ಹೋಗಿ ಕುಳಿತಳು.

* * *

ಸೆಲ್ಮರ್ ಲುಂಡೆ ದೊಡ್ಡ ಮನುಷ್ಯನೇನಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ. ಚಳಿಗಾಲದಲ್ಲಿ ಊರವರ ಮರ ಕೊಯ್ಯುವ ಗರಗಸ ರಿಪೇರಿ ಮಾಡಿದ. ಬೇಸಿಗೆ ಬಂದರೆ ಮಸ್ಕಿ, ಆ ಕೆರೆಯ ದೈತ್ಯ ಮೀನು. ಮದುವೆಯಾದ ಐವತ್ತೆರಡು ವರ್ಷದಲ್ಲಿ ಆ ಮೊದಲ ಶನಿವಾರ ಒಂದು ಸಲವೂ ಅವನು ಮನೆಯಲ್ಲಿ ಕಾಫಿ ಕುಡಿದಿರಲಿಲ್ಲ. ಒಂದು ವರ್ಷ ಅದೇ ದಿನ ವೆರ್ನಾಳ ಪಿತ್ತಕೋಶ ತೆಗೆದರು. ಸಂಜೆ ಆಸ್ಪತ್ರೆಗೆ ಹೂವು ಹಿಡಿದುಕೊಂಡು ಬಂದ. ಹೂವೂ ಮೀನಿನ ವಾಸನೆ ಹೊಡೆಯುತ್ತಿತ್ತು.

ಅವಳ ಅಡುಗೆಮನೆಯಲ್ಲಿ ಮಸ್ಕಿಯವರು ಇಲ್ಲದ ಸಂಜೆಯೇ ಇರಲಿಲ್ಲ. ಕಾಫಿ ಹೀರುತ್ತಿದ್ದರು, ಕೇಕು ಮುಗಿಸುತ್ತಿದ್ದರು, ಎದ್ದು ಹೋಗುವಾಗ ತಲೆ ಕೆರೆದುಕೊಂಡು ಕೇಳುತ್ತಿದ್ದರು: "ಮತ್ತೆ ಸೆಲ್ಮರ್, ಈ ವಾರ ಯಾವ ಕಡೆ ಗಾಳ ಎಸೀತಿದ್ದೀಯಾ?" ಸೆಲ್ಮರ್ ಹೇಳಿಬಿಡುತ್ತಿದ್ದ. ಆ ಊರಿನಲ್ಲಿ ಉಳಿದವರು ಹೆಂಡತಿಗೂ ಹೇಳದಂಥ ಜಾಗಗಳನ್ನು ಇವನು ಕೇಳಿದವರಿಗೆಲ್ಲ ಹೇಳುತ್ತಿದ್ದ.

"ನಿನ್ನ ನೋಡಕ್ಕೆ ಬರ್ತಾರೋ ನಿನ್ನ ಜಾಗ ಕೇಳಕ್ಕೆ ಬರ್ತಾರೋ?" ಎಂದು ಅವಳು ಒಮ್ಮೆ ರೇಗಿದ್ದಳು.

"ಯಾವುದಕ್ಕೆ ಬಂದ್ರೇನು, ಬರ್ತಾರಲ್ಲ," ಎಂದು ನಕ್ಕಿದ್ದ.

ಅವನಿಗೆ ಅಷ್ಟು ಸಾಕಾಗಿತ್ತು. ಅವಳಿಗೆ ಸಾಕಾಗಿರಲಿಲ್ಲ. ಅದಕ್ಕೇ ಪಾದ್ರಿಯಮ್ಮ ದಿನ ಕೇಳಿದಾಗ ಶನಿವಾರವೇ ಎಂದಳು. ಇವನಿಗಾಗಿ ಒಂದು ದಿನ ಮಸ್ಕಿ ಬಿಟ್ಟು ಯಾರು ಬರುತ್ತಾರೆ, ನೋಡಿಯೇಬಿಡೋಣ. ಉಳಿದವರು ಬಾರದಿದ್ದರೂ ಅವಳು ತಡೆದುಕೊಂಡಾಳು. ಗಾರ್ಡಿ ಪ್ರಿಬೆಕ್ ನಲವತ್ತು ವರ್ಷ ಸೆಲ್ಮರನ ಜೊತೆ ಒಂದೇ ದೋಣಿಯಲ್ಲಿ ಕುಳಿತವನು. ಅವನೂ ಬಾರದಿದ್ದರೆ ಐವತ್ತೆರಡು ವರ್ಷ ಕಾಫಿ ಕಾಸಿದ್ದು ಯಾರಿಗೆ? ಅದು ಅವಳಿಗೆ ಗೊತ್ತಾಗಬೇಕಾಗಿತ್ತು.

* * *

ಜನ ಬಂದರು. ಪಾದ್ರಿಯಮ್ಮನೇ ಬಾಯಿ ಬಿಡುವಷ್ಟು ಬಂದರು. ಕೆಲವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಒಬ್ಬ ಬಿಸಿಲಿಗೆ ಸುಟ್ಟ ಮೂಗಿಗೆ ಬಿಳಿ ಮುಲಾಮು ಹಚ್ಚಿಕೊಂಡೇ ಬಂದಿದ್ದ. ಚರ್ಚು ತುಂಬಿತು, ಗಂಟೆ ಹೊಡೆಯಿತು, ಆರ್ಗನ್ ಶುರುವಾಯಿತು. ಆರನೆಯ ಹಿಡಿ ಖಾಲಿಯೇ ಇತ್ತು. ವೆರ್ನಾ ಹಿಂತಿರುಗಿ ನೋಡಲಿಲ್ಲ.

"ಕಚ್ಚಿತು!" ಎಂದು ಕಿಟಕಿಯ ಬಳಿ ಯಾರೋ ಕೂಗಿದರು.

ಆ ಚರ್ಚಿನ ಎಡಗಡೆಯ ಕಿಟಕಿಗಳೆಲ್ಲ ಕೆರೆಯ ಕಡೆಗೇ. ಕೆಳಗಿನ ದೋಣಿಕಟ್ಟೆಯಿಂದ ಇನ್ನೂರು ಮಾರು ದೂರದಲ್ಲಿ, ರೈನ್‌ಕೋಟು ಹಾಕಿದ ಒಬ್ಬ ದೋಣಿಯಲ್ಲಿ ಎದ್ದು ನಿಂತಿದ್ದ. ಅವನ ಕೋಲು ಬಿಲ್ಲಿನ ಹಾಗೆ ಬಾಗಿತ್ತು.

"ಗಾರ್ಡಿ! ನಮ್ಮ ಗಾರ್ಡಿನೇ!"

"ವಾಪಸ್ ಬರ್ತಾ ಕಡೇದೊಂದು ಎಸೆದಿರ್ತಾನೆ. ದರಿದ್ರದವನು, ಕಡೇದೊಂದು ಅಂತ ಎಸೆಯೋದೇ ಇವನ ಕಾಯಿಲೆ."

"ನಿನಗಿಲ್ವಾ ಆ ಕಾಯಿಲೆ?"

"ನನಗಿದೆ. ಆದ್ರೆ ನನಗೆ ಕಚ್ಚಲ್ಲ."

"ದಯವಿಟ್ಟು ಎಲ್ರೂ ಕೂತ್ಕೊಳ್ಳಿ," ಎಂದಳು ಪಾದ್ರಿಯಮ್ಮ. ಯಾರೂ ಕೂರಲಿಲ್ಲ. ಅವಳೂ ಒಂದು ಬೆಂಚು ಹತ್ತಿದಳು, ಹಿಂದಿನಿಂದ ಕಾಣಿಸುತ್ತಿರಲಿಲ್ಲ. ಆರ್ಗನ್ ನುಡಿಸುವವಳು ಮಾತ್ರ ಕತ್ತು ಹೊರಳಿಸಿಕೊಂಡೇ ನುಡಿಸಿದಳು, ಮೂರನೆಯ ಚರಣವನ್ನು ನಾಲ್ಕು ಸಲ.

ಅಷ್ಟರಲ್ಲಿ ಮೀನು ನೀರಿನಿಂದ ಮೇಲೆದ್ದಿತು. ಬಾಲವೊಂದು ಬಿಟ್ಟು ಉಳಿದದ್ದೆಲ್ಲ ಗಾಳಿಯಲ್ಲಿ. ಅದು ಮತ್ತೆ ಬಿದ್ದ ಸದ್ದು ಮುಚ್ಚಿದ ಗಾಜನ್ನು ದಾಟಿ ಒಳಗೆ ಬಂತು.

"ಅಯ್ಯಯ್ಯೋ," ಎಂದ ಲೈಲ್ ಮೆಲ್ಲಗೆ. "ಅವನ ಹತ್ರ ಬಲೆ ಇಲ್ಲ."

"ಇಲ್ಲ ಅಂದ್ರೆ?"

"ಯಾವತ್ತೂ ಇರ್ಲಿಲ್ಲ. ಬಲೆ ಸೆಲ್ಮರನದು. ಮರೆತೇಬಿಟ್ಟಿದ್ದಾನೆ. ನಲವತ್ತು ವರ್ಷ ಅದು ದೋಣೀಲಿ ತಾನಾಗೇ ಇರ್ತಿತ್ತಲ್ಲ."

ಎಲ್ಲರೂ ಹೂವಿನ ನಡುವೆ ನಿಂತಿದ್ದ ಬಲೆಯ ಕಡೆ ತಿರುಗಿದರು. ಅದು ಅಲ್ಲಿರಲಿಲ್ಲ. ಚರ್ಚಿನ ಬಾಗಿಲು ತೆರೆದಿತ್ತು. ವೆರ್ನಾ ಬಲೆಯನ್ನು ಹೆಗಲ ಮೇಲಿಟ್ಟು, ಎತ್ತರ ಹಿಮ್ಮಡಿಯ ಕಪ್ಪು ಬೂಟಿನಲ್ಲಿ, ಇಳಿಜಾರಿನ ಹುಲ್ಲು ತುಳಿದು ದೋಣಿಕಟ್ಟೆಗೆ ಹೋಗುತ್ತಿದ್ದಳು.

* * *

ಅವಳಿಗೆ ಮಸ್ಕಿ ಅಂದರೇನೆಂದು ಗೊತ್ತಿಲ್ಲ ಎಂದೇ ಊರು ತಿಳಿದಿತ್ತು. ಆದರೆ ಒಂದು ಚಳಿಗಾಲ, ಕೆರೆಯ ಮೇಲೆ ಎರಡಡಿ ಮಂಜುಗಡ್ಡೆ ಕಟ್ಟಿದ್ದಾಗ, ಸೆಲ್ಮರ್ ನೆಲ ಒರೆಸುವ ಕೋಲು ಹಿಡಿದು ಅಡುಗೆಮನೆಯ ನಡುವೆ ನಿಂತಿದ್ದ.

"ನೋಡು, ಎಸೆದಿದ್ದು ಎಳ್ಕೊಂಡು ಬಂದೆ. ಗಾಳಕ್ಕೆ ಕಟ್ಟಿದ ಮರದ ಮೀನು ದೋಣಿ ಪಕ್ಕ ಬಂತು. ಈಗ ಎಲ್ರೂ ಏನು ಮಾಡ್ತಾರೆ? ಎತ್ತಿಬಿಡ್ತಾರೆ. ಎತ್ತಬಾರದು. ಕೋಲಿನ ತುದಿ ನೀರಲ್ಲಿಟ್ಟು ಹೀಗೆ 8 ಬರೀಬೇಕು. ಮಸ್ಕಿ ಹಿಂದೇನೇ ಬಂದು ದೋಣಿ ಕೆಳಗೆ ನಿಂತಿರತ್ತೆ. ತಿನ್ನಲಾ ಬೇಡ್ವಾ ಅಂತ ಯೋಚನೆ ಮಾಡ್ತಿರತ್ತೆ."

"ಎಲ್ಲಾ ಸಲಾನೂ ಬಂದಿರತ್ತಾ?"

"ಎಲ್ಲಿ ಬರತ್ತೆ! ಸಾವಿರ ಸಲಕ್ಕೆ ಒಂದ್ಸಲ. ಆದ್ರೆ ಎಲ್ಲಾ ಸಲಾನೂ ಬರೀಬೇಕು."

ಒಂದು ಕಾಲದಲ್ಲಿ ಮೂರು ಬೇಸಿಗೆ ಪೂರ್ತಿ ಅವನಿಗೆ ಒಂದೂ ಸಿಕ್ಕಿರಲಿಲ್ಲ. ಮೂರು ಬೇಸಿಗೆಯೂ ಪ್ರತಿ ಎಸೆತದ ಕೊನೆಗೆ ಬರೆದ. ಭುಜ ಹೋಯಿತು, ಎಡಗೈಯಲ್ಲಿ ಬರೆದ. ವೆರ್ನಾಗೆ ಗಂಡನ ಮೇಲೆ ಎಷ್ಟು ಸಿಟ್ಟಿದ್ದರೂ, ಇಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಆ ಚಳಿಗಾಲ ಅನ್ನಿಸಿತ್ತು. ಅವಳೂ ಕೋಲು ಕಸಿದುಕೊಂಡು ಬರೆದಳು. ನೆಲವೂ ಸ್ವಚ್ಛವಾಯಿತು.

ಭಾನುವಾರದ ಸಂಜೆಗಳು ಬೇರೆ. ಆಗ ಅವರಿಬ್ಬರೇ ಪುಟ್ಟ ದೋಣಿಯಲ್ಲಿ ದ್ವೀಪದ ಹಿಂದೆ ಹೋಗುತ್ತಿದ್ದರು, ಬಾಸ್ ಮೀನಿಗೆ. ಮಸ್ಕಿಯವರ ಕಣ್ಣಿಗೆ ಬಾಸ್ ಮಕ್ಕಳಾಟ. ಸೆಲ್ಮರ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, "ಗಾರ್ಡಿ ನೋಡಿದ್ರೆ ಮಾನ ಹೋಗತ್ತೆ ಕಣೇ," ಎನ್ನುತ್ತಿದ್ದ. ತಾವರೆ ಎಲೆಗಳ ನಡುವೆ ಗಾಳದ ರಬ್ಬರ್ ಕಪ್ಪೆಯನ್ನು ಕುಪ್ಪಳಿಸುವಂತೆ ಎಳೆದರೆ ಸಾಕು, ನೀರು ಒಡೆದು ಬಾಸ್ ಮೇಲೆ ನೆಗೆಯುತ್ತಿತ್ತು, ತಲೆ ಕೊಡವುತ್ತಿತ್ತು, ಕಪ್ಪೆಯನ್ನು ಅವನ ಮುಖಕ್ಕೇ ಉಗಿಯುತ್ತಿತ್ತು. ಒಂದು ಸಂಜೆ ಅವಳು ಹನ್ನೊಂದು ಹಿಡಿದಳು, ಅವನು ನಾಲ್ಕು. ಆವತ್ತು ಅವನು ನಕ್ಕ ನಗುವಿಗೆ ದೋಣಿಯೊಳಗೆ ನೀರು ಬಂತು. ಬಲೆ ಹಿಡಿಯುವುದನ್ನು ಅವಳು ಕಲಿತದ್ದು ಅಲ್ಲಿಯೇ.

* * *

"ವೆರ್ನಾ!" ಗಾರ್ಡಿಯ ದನಿ ನೀರಿನ ಮೇಲೆ ತೇಲಿಕೊಂಡು ಚರ್ಚಿನವರೆಗೂ ಬಂತು. ಅವನ ದೋಣಿ ಈಗ ಕಟ್ಟೆಯಿಂದ ಮೂವತ್ತು ಮಾರು ದೂರದಲ್ಲಿತ್ತು. ಮೀನೇ ಅದನ್ನು ಎಳೆಯುತ್ತಿತ್ತೋ ಅವನೇ ಓಡಿಸುತ್ತಿದ್ದನೋ ಹೇಳಲಾಗುತ್ತಿರಲಿಲ್ಲ. "ತಪ್ಪಾಯ್ತು ಕಣೇ! ಸೆಲ್ಮರನ ಪಾಲಿಂದು ಒಂದು ಎಸೆದು ಬರೋಣ ಅಂತ ಹೋದೆ! ಗಂಟೆ ಕೇಳಿಸ್ತು! ದಾರ ಕತ್ತರಿಸಿ ಬಂದುಬಿಡ್ತೀನಿ ಇರು!"

ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಆಗಲೇ ಚಾಕು. ಗಾರ್ಡಿಯ ಜೀವಮಾನದ ದೊಡ್ಡ ಮೀನು ನಲವತ್ತೆಂಟು ಇಂಚಿನದು. ಐವತ್ತು ದಾಟಿದ್ದನ್ನು ಒಮ್ಮೆ ಹಿಡಿಯಬೇಕೆಂದು ಅವನು ನಲವತ್ತು ವರ್ಷದಿಂದ ಎಸೆಯುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ವೆರ್ನಾಗೂ ಗೊತ್ತಿತ್ತು.

ಚಾಕು ದಾರಕ್ಕೆ ತಾಗುವುದನ್ನು ಅವಳು ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಕಿಟಕಿಯಲ್ಲಿದ್ದವರು ಅವಳ ಬಿಗಿದ ಭುಜ ಸಡಿಲಗೊಂಡದ್ದನ್ನು ಕಂಡರು.

"ಕತ್ತರಿಸಿದ್ರೆ ನಿನ್ನ ಕೈ ಕತ್ತರಿಸ್ತೀನಿ!" ಎಂದು ಕೂಗಿದಳು. "ಬಾಯಲ್ಲಿ ಗಾಳದ ಆರು ಮುಳ್ಳು ಇಟ್ಕೊಂಡು ಸಾಯ್ಬೇಕಾ ಅದು? ಸೆಲ್ಮರ್ ಯಾವತ್ತಾದ್ರೂ ಹಾಗೆ ಬಿಟ್ಟಿದ್ನಾ? ಎಳ್ಕೊಂಡು ಬಾ! ಬಲವಂತ ಮಾಡ್ಬೇಡ, ಓಡಿದ್ರೆ ಓಡಕ್ಕೆ ಬಿಡು!"

"ಸೆಲ್ಮರ್ ಕಾಯ್ತಿದ್ದಾನಲ್ಲೇ!"

"ಐವತ್ತೆರಡು ವರ್ಷ ನಾನು ಕಾದಿದ್ದೀನಿ. ಕಾಯಲಿ!"

ಮೀನು ಮೂರು ಸಲ ಓಡಿತು. ಮೂರನೆಯ ಸಲ ಕಟ್ಟೆಯ ಕಂಬದ ಕಡೆಗೇ ನುಗ್ಗಿತು. ವೆರ್ನಾ ಬೂಟು ಕಳಚಿ, ಮಂಡಿಯೂರಿ, ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿ ಕಾದಳು. ಅವಸರದಲ್ಲಿ ಬಾಲದ ಕಡೆಯಿಂದ ಬಲೆ ಹಾಕಿ ಜೀವಮಾನದ ಮೀನನ್ನು ಕಳೆದುಕೊಂಡವರು ಆ ಕಿಟಕಿಯ ಬಳಿಯೇ ನಾಲ್ಕು ಜನ ಇದ್ದರು. ಅವಳು ತಲೆ ಬರುವತನಕ ಕಾದಳು. ತಲೆ ಒಳಗೆ ಬಂದ ಮೇಲೆ ಎತ್ತಿದಳು.

ಚರ್ಚಿನೊಳಗೆ ಎದ್ದ ಕೂಗಿಗೆ ಮೇಣದಬತ್ತಿ ಎರಡು ಆರಿದವು.

ಗಾರ್ಡಿ ಕಟ್ಟೆಗೆ ಹಾರಿ, ಇಕ್ಕಳದಿಂದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿದ. ಅಳೆಯುವ ಹಲಗೆ ದೋಣಿಯಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರ.

"ಅಳೆಯೋ ಗಾರ್ಡಿ!" ಎಂದು ಮೇಲಿನಿಂದ ಲೈಲ್ ಅರಚಿದ. "ಅರ್ಧ ನಿಮಿಷ! ಅಳೆಯೋ ಮಾರಾಯ!"

ಗಾರ್ಡಿ ಹಲಗೆಯ ಕಡೆ ನೋಡಿದ. ಮೀನಿನ ಕಿವಿರು ದಣಿದು ಬಡಿದುಕೊಳ್ಳುತ್ತಿತ್ತು. ಮೇಲೆ ಚರ್ಚಿನ ಬಾಗಿಲು ತೆರೆದೇ ಇತ್ತು.

"ಅವನಿದ್ದಿದ್ರೆ ಮೊದಲು ನೀರಿಗೆ ಅಂತಿದ್ದ," ಎಂದು, ಕೈಗಳನ್ನು ತೋಳಿನವರೆಗೆ ನೀರಿನಲ್ಲಿ ಮುಳುಗಿಸಿ, ಮೀನನ್ನು ಬಾಲದ ಬುಡದಲ್ಲಿ ಹಿಡಿದುಕೊಂಡ. ಇನ್ನೊಂದು ಪಕ್ಕದಿಂದ ವೆರ್ನಾ ಹೊಟ್ಟೆಗೆ ಕೈ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅದು ಒಮ್ಮೆ ಬಾಲ ಒದರಿ ಇಬ್ಬರ ಮುಖಕ್ಕೂ ನೀರೆರಚಿ ಹೋಯಿತು.

ಹನ್ನೊಂದೂವರೆಗೆ ಪೆಟ್ಟಿಗೆ ಎದ್ದಿತು. ಐದು ಜೊತೆ ಹೊಳೆಯುವ ಕಪ್ಪು ಬೂಟು, ಒಂದು ಜೊತೆ ರಬ್ಬರ್ ಬೂಟು. ಆರನೆಯ ಹಿಡಿ ಮೀನಿನ ಲೋಳೆಯಿಂದ ಜಾರುತ್ತಿತ್ತು. ಗಾರ್ಡಿ ಕೋಟಿನ ತುದಿಯಿಂದ ಒರೆಸಲು ಹೋದ.

"ಬಿಡು," ಎಂದಳು ವೆರ್ನಾ. "ಹಾಗೇ ಗಟ್ಟಿ ಹಿಡ್ಕೋ." ಅವಳು ಬರಿಗಾಲಿನಲ್ಲೇ ಹಿಂದೆ ನಡೆದಳು.

ಊಟದ ಹೊತ್ತಿಗೆ ಚರ್ಚಿನ ನೆಲಮಾಳಿಗೆಯಲ್ಲಿ, ಹಂದಿಮಾಂಸದ ಸ್ಯಾಂಡ್‌ವಿಚ್ಚು ಕೈಯಲ್ಲಿ ಹಿಡಿದು, ಲೈಲ್ ಐವತ್ತೊಂದು ಇಂಚು ಎಂದ. ಪಾದ್ರಿಯಮ್ಮ, ತಾನು ಸುಳ್ಳು ಹೇಳುವ ಹಾಗಿಲ್ಲವೆಂದು ನೆನಪಿಸಿ, ಐವತ್ಮೂರು ಎಂದಳು. ಗಾರ್ಡಿಯನ್ನು ಕೇಳಿದರೆ, "ವೆರ್ನಾನ ಕೇಳಿ," ಎಂದ. ವೆರ್ನಾ ಎಲ್ಲರ ಲೋಟಕ್ಕೂ ಕಾಫಿ ಸುರಿಯುತ್ತ ನಕ್ಕಳಷ್ಟೇ.

ಅಳೆದವರು ಯಾರೂ ಇಲ್ಲ, ಹಾಗಾಗಿ ಈಗ ನಿಮ್ಮನ್ನೇ ಕೇಳುವುದು. ಆ ಪುಸ್ತಕ ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿ. ಎಷ್ಟಿತ್ತು ಅನ್ನುತ್ತೀರಿ? ಅಷ್ಟೇನಾ? ಸೆಲ್ಮರನ ಮುಖ ನೋಡಿಕೊಂಡಾದರೂ ಇನ್ನೊಂದು ಸ್ವಲ್ಪ ಅಗಲಿಸಿ.