ಬಾಡಿಗಿ ಮಷೀನಿನ ಕೀಲಿ

ಟೈದ ಗಂಟು ತೊಯ್ದು ಕರ್ರಗಾಗೈತಿ, ಮೇ ತಿಂಗಳ ಮುದ್ದೇಬಿಹಾಳದಾಗ ಟೈ ಕಟ್ಟಿಕೊಂಡು ಕುಂತಾನ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅಂತ ಈ ಶ್ರೀಶೈಲ, ಮೌಸ್ ಹಿಡಿಯೂದು ನೋಡು, ಚೇಳು ಹಿಡಿದಂಗ — ನಮ್ಮ ವಿಭಾಗದಾಗ ನಾವ ಕಟ್ಟಿದ ಲಿನಕ್ಸ್ ರಿ ಇದು, ಕಂಪ್ಯೂಟರ್ ನಡಸೂ ವ್ಯವಸ್ಥಾ, ಅನ್ನಾಕತ್ತಾನ, ಕಾಲೇಜ್ ಕಮಿಟಿ ಅಧ್ಯಕ್ಷರು ಬಸವಂತರಾಯ ಗೌಡ್ರು ಗೋಣು ಹಾಕ್ತಾರ, ಇಂಡಿ, ಸಿಂದಗಿ, ಬಾಗೇವಾಡಿ, ಇಲ್ಲೀದು, ನಾಕೂ ಕಾಲೇಜಿನ ರಿಸಲ್ಟ್ ಒಂದ ಕಡೆ ಕಾಣ್ತಾವಂತ, ಪರದೇಶದಾಗ ಬಾಡಿಗಿ ಹಿಡಿದ ಮಷೀನಿನಾಗ — ಕಣ್ಣಿಗಿ ಕಾಣಲಾರದ ಮಷೀನು ಎಲ್ಲಿ ಇಡ್ತೀ ಅಂತ ನನ್ನ ಕೇಳಿದಾವ ಇವನ! ಬಾಡಿಗಿಗೆ ಕೊಟ್ಟವರ ರೆಡಿ ಲಿನಕ್ಸಿನಾಗ ನಮ್ಮ ರಿಸಲ್ಟಿನ ಹಳೇ ಪ್ರೋಗ್ರಾಂ ಓಡಲಿಲ್ಲ, ಖಾಲಿ ಫೈಲ್ ಮಾಡಿ, ಅದ ಡಿಸ್ಕ್ ಅಂತ ಕಂಪ್ಯೂಟರಿಗೆ ನಂಬಿಸಿ, ಬೇಕಾದಷ್ಟ ತುಂಬಿ, ಎಲ್ಲಿಂದ ಏಳಬೇಕಂತ ಹೇಳೂ ಬೂಟ್‌ಲೋಡರ್ ಕೂಡ್ರಿಸಿ ಆ ಬಾಡಿಗಿ ಮಷೀನಿಗೆ ಏರಿಸಿದೆ, ಏಳಲಿಲ್ಲ, ಡಿಸ್ಕಿನ ಹೆಸರು ಅಲ್ಲಿ ಬ್ಯಾರೇನ, ಮತ್ತ ಕಟ್ಟಿದೆ, ಕರೆಂಟ್ ಹೋತು, ಮತ್ತ ಏರಿಸಿದೆ, ಐದನೇದ್ದು ಎದ್ದಿತು — ಎದ್ದಿತ್ರಿ ಸರ ಅಂದ್ರ, ನನಗೊಂದು ಸಿಡಿ ಹಾಕಿಕೊಡು ರೇಣುಕಾ ಅಂದ, ಸಿಡಿ ಅಂತ, ಜಾಣ, ಇವತ್ತಿನ ಕಾರ್ಯಕ್ರಮದ ಆಮಂತ್ರಣದಾಗ ರಚನೆ ಇವಂದು, ಚಹಾ ವ್ಯವಸ್ಥೆ ನಂದು, ಜೂನಿಗಿ ನನ್ನ ನೌಕರಿ ಮುಂದುವರಿಸೂ ಕಾಗದಕ್ಕ ಇವನ ಸಹಿ ಬೇಕಲ್ಲ, ಅದಕ್ಕ ಬಾಯಿ ಮುಚ್ಚಿ ಚಹಾದ ಕಪ್ಪು ಹಂಚಾಕತ್ತೇನಿ. ಈಗ ಹೆಸರು ಹೊಡೆದ, ಮಷೀನು ಒಲ್ಲೆ ಅಂತು, ಮತ್ತ ಹೊಡೆದ, ಮತ್ತ ಒಲ್ಲೆ, ಕಿವಿ ಕೆಂಪಾದುವು, ನೆಟ್ ಸ್ಲೋ ಐತ್ರಿ ಅಂತಾನ, ಥೂ, ನೆಟ್ ಮ್ಯಾಲ ಹಾಕಾಕತ್ತಾನ, ತಿರುಗಿ ನನ್ನ ನೋಡ್ತಾನ, ಪಾಸ್‌ವರ್ಡ್ ಏನು ಅಂತ ಮೆಲ್ಲಕ, ಪಾಸ್‌ವರ್ಡೇ ಇಲ್ಲೋ ಮಾರಾಯಾ, ಹೊರಗಿನವರು ಹೊಕ್ಕಾರಂತ ಕಟ್ಟೂವಾಗನ ಆ ಬಾಗಿಲಾ ಮುಚ್ಚೇನಿ, ನನ್ನ ಪೆನ್‌ಡ್ರೈವಿನಾಗಿರೂ ಕೀಲಿಗಷ್ಟ ತಗೀತೈತಿ, ಹೋದವಾರ ಹೇಳಿದ್ದೆ, ಫೋನಿನಾಗ ಇದ್ದ, ಕೈ ಬೀಸಿದ — ಕಟ್ಟಿದವರಿಗೆ ಗೊತ್ತಿರಬೇಕಲ್ರಿ ಅಂತಾರ ಗೌಡ್ರು, ಟ್ರೇ ಕೆಳಗಿಟ್ಟೆ, ನನ್ನ ದನಿ ನನಗ ಕೇಳ್ತೈತಿ, ಕಟ್ಟಿದಾಕಿ ನಾನ್ರಿ ಗೌಡ್ರ, ಕೀಲಿ ನನ್ನ ಹತ್ರ ಐತಿ. ಹಂಗಾರ ಬಾರವಾ, ಕೂಡ್ರು, ಅಂದ್ರು ಗೌಡ್ರು. ಶ್ರೀಶೈಲ ಏಳವಲ್ಲ, ಜೂನು ಹೋತು, ಸಹಿ ಹೋತು, ಹೋಗಲಿ, ಎದ್ದ ಕಡೀಕ, ಕುರ್ಚಿ ಇನ್ನೂ ಬಿಸಿ, ಪೆನ್‌ಡ್ರೈವ್ ಹಾಕೇನಿ, ಯಾರು ಬಂದೀರಿ ಅಂತ ಕೇಳಾಕತ್ತೈತಿ ಕರೀ ಪರದೆ, ನನ್ನ ಹೆಸರು ಹೊಡಿಯೂ ಜಾಗದಾಗ ಒಂದು ಹಸರು ಚೌಕ, ಹತ್ತತೈತಿ, ಆರತೈತಿ, ಹತ್ತತೈತಿ