ಕೌದಿ ಚೀಲದ ಮಂಗಟ್ಟೆ

ಹಳಿಯಾಳದ ಈರಕ್ಕ ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿದರೆ, ನೋಡಿದವರು ಅದರ ಮೇಲೆ ಕೈಯಾಡಿಸದೆ ಹೋಗುತ್ತಿರಲಿಲ್ಲ. ಧಾರವಾಡದಲ್ಲಿ ಚಿತ್ರಕಲೆ ಕಲಿತು ಬಂದ ಮಗಳು ಪೂರ್ಣಿಮಾ, ಆ ಹೊಲಿಗೆಯಲ್ಲೇ ಪ್ರವಾಸಿಗರು ಊರಿಗೆ ಒಯ್ಯುವಂಥ ಕೈಚೀಲ ಮಾಡೋಣವೆಂದಳು. ಚೀಲದ ಮೇಲೆ ಅವಳೇ ಬರೆದ ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿ. ಅದರ ದೊಡ್ಡ ಹಳದಿ ಕೊಕ್ಕಿಗೆಂದು ಈರಕ್ಕ ತನ್ನ ಮದುವೆ ಸೀರೆಯ ಅಂಚನ್ನೇ ಕತ್ತರಿಸಿ ಕೊಟ್ಟಳು.

ದಾಂಡೇಲಿಯ ಕುಳಗಿ ರಸ್ತೆಯ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್ ಮಹಾಬಳೇಶ್ವರ ಚೀಲವನ್ನು ತಿರುವಿ ನೋಡಿದ.

"ಚಂದ ಐತಿ. ಆದ್ರ ಈ ಹಕ್ಕಿ ಯಾರಿಗೆ ಗೊತ್ತೈತ್ರಿ? ಹುಲಿ ಮಾಡ್ರಿ."

ಹುಲಿ ಮಾಡಿದರು. ಆಮೇಲೆ ಕರಿ ಚಿರತೆ ಬೇಕೆಂದ, ಅದನ್ನೂ ಮಾಡಿದರು. ಮಾಲೀಕರಿಗೆ ತೋರಿಸುತ್ತೇನೆಂದು ಮಂಗಟ್ಟೆ ಸಹಿತ ಎಲ್ಲ ಮಾದರಿಗಳನ್ನೂ ಇಟ್ಟುಕೊಂಡ.

ಮಳೆಗಾಲ ಕಳೆದ ಮೇಲೆ ಅವನೇ ಇಬ್ಬರನ್ನೂ ಕರೆಸಿದ. ಗಾಜಿನ ಕಪಾಟಿನ ತುಂಬ ಅವೇ ಚೀಲಗಳಿದ್ದವು. ಬಟ್ಟೆ ನುಣ್ಣಗೆ ಜಾರುತ್ತಿತ್ತು. ಹೊಲಿಗೆ ಹೊಲಿದದ್ದಲ್ಲ, ಅಚ್ಚು ಹಾಕಿದ್ದು. ಮಂಗಟ್ಟೆಯ ಕೊಕ್ಕಿನ ಮೇಲೆ ಈರಕ್ಕನ ಸೀರೆ ಅಂಚಿನ ಗೆರೆಗಳೂ ಅಚ್ಚಾಗಿದ್ದವು. ಪ್ರತಿ ಚೀಲಕ್ಕೂ ಒಂದು ಚೀಟಿ: 'ದಾಂಡೇಲಿಯ ಕಾಡುಜನರ ಕೈಕೆಲಸ'.

"ಇದು ನಾ ಬರದ ಚಿತ್ರ! ನಾವ್ಯಾವ ಕಾಡಿನವ್ರು?" ಪೂರ್ಣಿಮಾ ಚೀಟಿ ಹಿಡಿದು ಕೇಳಿದಳು.

"ಮಾಲೀಕ್ರು ಹೊರಗಿಂದ ಮಾಡಿಸ್ಯಾರ, ನಾ ಏನ್ ಮಾಡ್ಲಿ? ನಿಮ್ಮ ಅವ್ವಗ ಕೆಲಸ ಕೊಡ್ತೇವ್ರಿ. ಕಪಾಟಿನ ಬಾಜೂಕ ಕುಂತು ಹೊಲೀಲಿ, ಮಂದಿ ಫೋಟೊ ತಕ್ಕೋತಾರ."

ಪೂರ್ಣಿಮಾ ಅವ್ವನ ಕೈ ಹಿಡಿದು ಎಳೆದಳು. ಈರಕ್ಕ ಕದಲಲಿಲ್ಲ.

"ಇರಲಿ ಬಿಡು. ಖರೇ ಹೊಲಿಗಿ ಕಣ್ಣಿಗೆ ಬಿದ್ರ, ಖರೇದ ಬೇಕನ್ನಾವ್ರು ಒಬ್ಬರರೆ ಸಿಗೂದಿಲ್ಲೇನು?"

ಮರುದಿನದಿಂದ ಈರಕ್ಕ ಅಲ್ಲಿ ಕೂತಳು. ಯಾರೋ ಅವಳ ಕೊರಳಿಗೆ ದಪ್ಪ ಮಣಿಸರ ಹಾಕಿದರು. ಪ್ರವಾಸಿಗರು ಪಕ್ಕ ಕೂತು ಫೋಟೊ ತೆಗೆಸಿಕೊಂಡು, ಕಪಾಟಿನ ಚೀಲ ಕೊಂಡು ಹೋದರು. ಅವಳ ಕೈಯಲ್ಲಿದ್ದದ್ದನ್ನು ಯಾರೂ ಕೇಳಲಿಲ್ಲ.

ಒಂದು ಸಂಜೆ ಪೂರ್ಣಿಮಾ ಕರೆತರಲು ಹೋದಾಗ, ಈರಕ್ಕ ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

"ಏನ್ ಮಾಡಾಕತ್ತೀಯವ್ವ?"

"ಅರ್ಧಾ ಇದ್ರನ ಫೋಟೊದಾಗ ಚಂದ ಕಾಣ್ತೈತಂತ. ಮುಗಸಬ್ಯಾಡ ಅಂದಾರ."

ಪೂರ್ಣಿಮಾ ಮಣಿಸರ ತೆಗೆದು ಕಪಾಟಿನ ಮೇಲೆ ಎಸೆದಳು. ಈ ಸಲ ಈರಕ್ಕ ತಡೆಯದೆ ಎದ್ದು ಬಂದಳು. ಇಬ್ಬರೂ ಹಳಿಯಾಳದ ಬಸ್ಸು ಹತ್ತಿದರು.

ಮುಂದೆ ಈರಕ್ಕನ ಮುಂಡಗೋಡದ ತಂಗಿ ದ್ರಾಕ್ಷಾಯಣಿಗೆ ಮೊಮ್ಮಗಳು ಹುಟ್ಟಿದಾಗ, ತೊಟ್ಟಿಲಿಗೆ ಕೌದಿ ಬೇಕೆಂದು ಹೇಳಿಕಳಿಸಿದಳು. ಈರಕ್ಕ ಸೀರೆಗಳನ್ನು ಹಾಸಿ, ಸೂಜಿಗೆ ದಾರ ಪೋಣಿಸಿದಳು, ಒಂದು ಹೊಲಿಗೆಯೂ ಬೀಳಲಿಲ್ಲ. ಆಮೇಲೆ ಎಲ್ಲವನ್ನೂ ಮಡಚಿಟ್ಟಳು.

"ಕೈ ಒಲ್ಲೆ ಅಂತೈತಿ. ಪ್ಯಾಟ್ಯಾಗ ಒಂದು ರಗ್ಗು ತಂದಬಿಡು."

ಪೂರ್ಣಿಮಾ ತಂದಳು. ಮೆತ್ತಗಿತ್ತು, ಅದರ ಮೇಲೆ ಹುಲಿಮರಿಯ ಚಿತ್ರವಿತ್ತು. ಮಗುವಿನ ಮನೆಯವರು ಬಹಳ ಚೆನ್ನಾಗಿದೆ ಎಂದರು.